ಗೋಡೆಯಾಚೆಯ ಟಿವಿ

"ಟಿವಿ ರಿಮೋಟ್ ಎಲ್ಲಿ ರೀ?"

ಹೆಂಡತಿ ಹೀಗೆ ಕೇಳಿದಾಗ ಡ್ರೈವರ್ ಬಾಗಿಲ ಬಳಿ ಕೂತು ಡ್ಯೂಟಿಯ ಶೂಗಳಿಗೆ ಪಾಲಿಶ್ ಹಚ್ಚುತ್ತಿದ್ದ. ಬ್ರಷ್ಷು ಒಂದು ಗಳಿಗೆ ನಿಂತು ಮತ್ತೆ ಆಡತೊಡಗಿತು.

"ಅತ್ತೆ ಮಂಚದ ಮೇಲೇ ಇರುತ್ತಲ್ಲ."

"ಅದು ಸೆಟ್ ಟಾಪ್ ಬಾಕ್ಸಿಂದು. ನಾನು ಕೇಳಿದ್ದು ಟಿವಿದು. ಉದ್ದಕ್ಕೆ ಕಪ್ಪಗೆ ಇತ್ತಲ್ಲ, ಅದು. ಆ್ಯಪ್ ಹಾಕೋಕೆ ಅದೇ ಬೇಕಂತೆ."

"ಅದು ಕೆಟ್ಟೋಗಿತ್ತಲ್ಲ."

"ಕೆಟ್ಟಿದ್ದು ಗೊತ್ತು. ಕೆಟ್ಟಿದ್ದಕ್ಕೆ ಕಾಲು ಬಂದು ಎದ್ದು ಹೋಯ್ತಾ ಅಂತ ಕೇಳ್ತಿದೀನಿ."

ಆ ರಿಮೋಟ್ ಎಲ್ಲಿದೆ ಎಂಬುದು ಈ ಭೂಮಿಯ ಮೇಲೆ ಅವನೊಬ್ಬನಿಗೇ ಗೊತ್ತಿತ್ತು. ಬಸ್ ಡಿಪೋದಲ್ಲಿ ಅವನಿಗೆ ಕೊಟ್ಟಿದ್ದ ಕಬ್ಬಿಣದ ಲಾಕರಿನೊಳಗೆ, ಹಳೆಯ ಸ್ವೆಟರಿನ ತೋಳಿನಲ್ಲಿ ಅದು ಮಲಗಿ ಎಂಟು ತಿಂಗಳಾಗಿತ್ತು. ಅದು ಕೆಟ್ಟಿರಲಿಲ್ಲ. ಕೆಟ್ಟದ್ದು ಬೇರೆ.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಿಸುತ್ತ, "ಈಗ ಚೆನ್ನಾಗಿ ಕಾಣುತ್ತಾ, ಇಲ್ಲಾ ಈಗ ಚೆನ್ನಾಗಿ ಕಾಣುತ್ತಾ?" ಎಂದು ಕೇಳುವುದು ಅವಳ ದಿನದ ಕಸುಬು. ಗಿರಾಕಿಯೊಬ್ಬರು ಮನೆಯ ಟಿವಿಗೆ ಹಾಕಿಸಿಕೊಂಡ ಆ್ಯಪಿನ ಸುದ್ದಿ ಹೇಳಿದ್ದರು. ಸಿನಿಮಾ, ಧಾರಾವಾಹಿ ಏನೇ ಹಾಕಲಿ, ಆಡಿದ ಮಾತೆಲ್ಲ ಕೆಳಗೆ ಅಕ್ಷರದಲ್ಲಿ ಬರುತ್ತದಂತೆ. ಅವಳಿಗೆ ತಕ್ಷಣ ನೆನಪಾದದ್ದು ಅಮ್ಮ. ಕಿವಿ ಹೋದರೇನು, ಕಣ್ಣು ಗಟ್ಟಿಯಾಗಿದೆಯಲ್ಲ, ಓದಿಕೊಂಡಾದರೂ ನೋಡಲಿ ಎಂದು ಆ ಸಂಜೆಯೇ ಒಂದು ವರ್ಷಕ್ಕೆ ಚಂದಾ ಕಟ್ಟಿ ಬಂದಿದ್ದಳು. ಟಿವಿಗೆ, ತನ್ನ ಫೋನಿಗೆ, ಗಂಡನ ಫೋನಿಗೆ, ಮೂರಕ್ಕೂ ಒಂದೇ ಚಂದಾ. ಇವತ್ತು ಮಂಗಳವಾರ, ಇಬ್ಬರಿಗೂ ವಾರದ ರಜೆ; ಇವತ್ತೇ ಎಲ್ಲ ಜೋಡಿಸಿಬಿಡಬೇಕೆಂದು ಅವಳ ಲೆಕ್ಕಾಚಾರ.

"ಅಮ್ಮ ಟಿವಿ ಹಾಕಿ ಎರಡು ತಿಂಗಳಾಯ್ತು, ನಿಮಗೆ ಗೊತ್ತಾ?" ಎಂದಳು ತಗ್ಗಿದ ದನಿಯಲ್ಲಿ. ಆಮೇಲೆ ತಾನೇ ನಕ್ಕಳು. "ನೋಡಿ, ಅಭ್ಯಾಸಬಲ. ಅವಳಿಗೆಲ್ಲಿ ಕೇಳುತ್ತೆ ಅಂತ ಪಿಸುಗುಡ್ತಿದೀನೋ!"

ಡ್ರೈವರ್ ಶೂಗಳನ್ನು ಬದಿಗಿಟ್ಟು, "ಡಿಪೋ ಹತ್ತಿರ ರಿಪೇರಿಯವನಿಗೆ ಕೊಟ್ಟಿದ್ದ ನೆನಪು. ಹೋಗಿ ನೋಡ್ಕೊಂಡು ಬರ್ತೀನಿ," ಎಂದು ಎದ್ದ. ಒಂದು ಸುಳ್ಳು ಒಂಟಿಯಾಗಿ ಬಾಳುವುದಿಲ್ಲ, ಬೇಗ ಸಂಸಾರ ಕಟ್ಟಿಕೊಳ್ಳುತ್ತದೆ.

ಅತ್ತೆ ಅವರ ಮನೆಗೆ ಬಂದು ಎರಡು ವರ್ಷವಾಗಿತ್ತು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಒಂದು ಕಡೆಯ ದನಿಯನ್ನು ಇನ್ನೊಂದು ಕಡೆಗೆ ಕೊಡುವುದರಲ್ಲೇ ಆಯುಷ್ಯದ ಅರ್ಧ ಕಳೆದಿದ್ದರು. ಫೋನೆತ್ತಿದವರು ಉಸಿರೆಳೆದುಕೊಳ್ಳುವುದರಲ್ಲೇ ಅವರು ಅಳುತ್ತಿದ್ದಾರೋ ನಗುತ್ತಿದ್ದಾರೋ ಹೇಳಬಲ್ಲೆ ಎನ್ನುತ್ತಿದ್ದರು, ಹೇಳುತ್ತಲೂ ಇದ್ದರು. ನಿವೃತ್ತಿಯ ನಂತರ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಬೆಳಗ್ಗೆ ಮೂರು ಗಂಟೆ ಫೋನಿನ ಮುಂದೆ ಕೂತು, ಬರುವವರಿಗೆ ಸಮಯ ಗೊತ್ತುಮಾಡುತ್ತಿದ್ದರು. ಮಧ್ಯಾಹ್ನ ಮನೆಗೆ ಬಂದು, ಊಟ ಮಾಡಿ, ತಮ್ಮ ಕೋಣೆಯ ಟಿವಿ ಹಾಕಿಕೊಂಡು ಎರಡು ಧಾರಾವಾಹಿ, ಒಂದು ಸುದ್ದಿ. ಸೌಂಡು ಕೊಂಚ ಜಾಸ್ತಿ. ವಯಸ್ಸು ಅರವತ್ತೆಂಟು, ಅಷ್ಟು ಸಹಜವೇ.

ಆ ಕೋಣೆಗೂ ಡ್ರೈವರ್ ಮಲಗುವ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ಅರ್ಧ ಇಟ್ಟಿಗೆಯದು. ಅವನದು ಬೆಳಗಿನ ಮೊದಲ ಬಸ್ಸು. ಡಿಪೋದಲ್ಲಿ ಅವನ ಅಡ್ಡಹೆಸರೇ 'ಫಸ್ಟ್ ಬಸ್'. ಐದಕ್ಕೆ ಗಾಡಿ ಎತ್ತಿದರೆ ಒಂದಕ್ಕೆ ಇಳಿಯುವುದು. ಎರಡರಿಂದ ಐದರ ತನಕ ಮಲಗಿದರಷ್ಟೇ ಮರುದಿನ ಮನುಷ್ಯ. ಆದರೆ ಎರಡಕ್ಕೆ ಸರಿಯಾಗಿ ಗೋಡೆಯಾಚೆ ಯಾರದೋ ಮನೆಯ ಸೊಸೆ ಅಳಲು ಶುರುಮಾಡುತ್ತಿದ್ದಳು, ಎರಡೂವರೆಗೆ ಯಾರೋ ಯಾರಿಗೋ ವಿಷ ಹಾಕುತ್ತಿದ್ದರು. ಅವನು ದಿಂಬಿನಡಿ ತಲೆ ಹಾಕುತ್ತಿದ್ದ, ಕಿವಿಗೆ ಹತ್ತಿ ತುರುಕುತ್ತಿದ್ದ. ಅತ್ತೆಗೆ ಬಾಯಿಬಿಟ್ಟು ಹೇಳುವುದಕ್ಕೆ ಮಾತ್ರ ನಾಲಿಗೆ ಏಳಲಿಲ್ಲ. ಮಗಳ ಮನೆಯಲ್ಲಿ ಇರಲು ಅವರು ಒಪ್ಪಿದ್ದೇ ವರ್ಷವಿಡೀ ಕಾಡಿ ಬೇಡಿದ ಮೇಲೆ. "ಅಳಿಯಂದ್ರಿಗೆ ನನ್ನಿಂದ ತೊಂದರೆಯಾದ್ರೆ ಆವತ್ತೇ ಗಂಟು ಕಟ್ತೀನಿ," ಎಂದು ಮೊದಲ ದಿನವೇ ಅಂದಿದ್ದರು. ಸೌಂಡ್ ಕಡಿಮೆ ಮಾಡಿ ಎಂದರೆ ನಿಜಕ್ಕೂ ಗಂಟು ಕಟ್ಟಿಯಾರು ಎಂದು ಅವನಿಗೆ ಹೆದರಿಕೆ. ಹೆದರಿಕೆಯೋ ಸೋಮಾರಿತನವೋ, ಆಮೇಲೆ ಎಷ್ಟೋ ಸಲ ಅವನು ತನ್ನನ್ನೇ ಕೇಳಿಕೊಂಡಿದ್ದ.

ಒಂದು ದಿನ ಹನ್ನೊಂದು ಗಂಟೆಯ ಸುಮಾರಿಗೆ, ಶಾಲೆಯ ಹತ್ತಿರದ ತಿರುವಿನಲ್ಲಿ, ಅವನ ಕಣ್ಣು ಮುಚ್ಚಿತು. ಎಷ್ಟು ಹೊತ್ತು? ಒಂದು ಉಸಿರಿನಷ್ಟು. ಎಡಚಕ್ರ ಫುಟ್‌ಪಾತ್ ಹತ್ತಿ ಕಸದ ಡಬ್ಬಿಯೊಂದು ನುಚ್ಚುನೂರಾಯಿತು. ಯಾರಿಗೂ ಏನೂ ಆಗಲಿಲ್ಲ. ಡಬ್ಬಿಯ ಪಕ್ಕ ಒಂದು ಮಾರು ದೂರದಲ್ಲಿ ಹೆಂಗಸೊಬ್ಬಳು ಮಗುವಿನ ಶೂ ಲೇಸು ಕಟ್ಟುತ್ತಿದ್ದಳು. ತಲೆಯೆತ್ತಿ ಅವನನ್ನು ನೋಡಿದಳು, ಬೈಯಲೂ ಇಲ್ಲ. ಆ ನೋಟ ಹೊತ್ತುಕೊಂಡು ಮನೆಗೆ ಬಂದರೆ ಗೋಡೆಯಾಚೆ ಸೊಸೆ ಅಳುತ್ತಿದ್ದಳು.

ಮರುದಿನ ಅತ್ತೆ ಇನ್ನೂ ಕ್ಲಿನಿಕ್ಕಿನಿಂದ ಬಂದಿರಲಿಲ್ಲ. ಅವರ ಕೋಣೆಗೆ ಹೋಗಿ, ಟಿವಿಯದೇ ರಿಮೋಟ್ ಹಿಡಿದು, ಟಿವಿಯ ಸೌಂಡನ್ನು ಮೂವತ್ತರಿಂದ ಆರಕ್ಕೆ ಇಳಿಸಿದ. ಅತ್ತೆ ಬಳಸುತ್ತಿದ್ದದ್ದು ಸೆಟ್ ಟಾಪ್ ಬಾಕ್ಸಿನ ರಿಮೋಟ್ ಮಾತ್ರ. ಅದರಲ್ಲಿ ನೂರರ ತನಕ ಏರಿಸಿದರೂ ಟಿವಿ ಆರರ ಮೇಲೆ ಉಸಿರೆತ್ತುವಂತಿಲ್ಲ. ಟಿವಿಯ ರಿಮೋಟನ್ನು ಜೇಬಿಗಿಳಿಸಿದ. ಹೆಂಡತಿಗೆ, "ಅದು ಕೆಟ್ಟಿದೆ. ಟಿವಿ ಕೆಳಗಿರೋ ಬಟನ್ ಒತ್ತಿದ್ರೆ ಆನ್ ಆಗುತ್ತೆ, ಸಾಕು," ಎಂದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡು ಅವತ್ತು ಮೂರು ಗಂಟೆ ಕೊರಡಿನಂತೆ ಮಲಗಿದ.

ಇಷ್ಟಕ್ಕೇ ನಿಂತಿದ್ದರೆ ಅದೊಂದು ಸಣ್ಣ ಕಳ್ಳಾಟ. ನಾಲ್ಕನೆಯ ದಿನ ಅತ್ತೆ ಅವನನ್ನು ಕರೆದರು. ಮಂಚದ ಅಂಚಿಗೆ ಜರುಗಿ ಕೂತು, ಕುತ್ತಿಗೆ ಮುಂದೆ ಚಾಚಿಕೊಂಡಿದ್ದರು. ಪರದೆಯ ಮೇಲೆ ಸೌಂಡಿನ ಗೆರೆ ತುದಿ ಮುಟ್ಟಿತ್ತು, ನೂರು.

"ಅಳಿಯಂದ್ರೇ, ಟಿವಿ ಸೌಂಡು ಕಡಿಮೆ ಅನ್ಸುತ್ತಾ ನಿಮಗೆ?"

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವಂತಿರಲಿಲ್ಲ. ಹೌದು ಅತ್ತೆ, ನಾನೇ ಕಡಿಮೆ ಮಾಡಿದೆ, ನಿದ್ದೆ ಆಗ್ತಿಲ್ಲ ಎಂದರೆ ಮುಗಿದಿತ್ತು. ಆದರೆ ಬಾಯಿಯಿಂದ ಬಂದದ್ದು ಬೇರೆ.

"ಇಲ್ವಲ್ಲ ಅತ್ತೆ. ನನಗೆ ಸರಿಯಾಗೇ ಕೇಳ್ತಿದೆ."

"ಹೌದಾ," ಎಂದರು ಅತ್ತೆ. ಮತ್ತೆ ಪರದೆಯ ಕಡೆ ತಿರುಗಿದರು. ಕೈ ತಾನಾಗಿ ಎಡಗಿವಿಯ ಹಿಂದಕ್ಕೆ ಹೋಯಿತು.

ಆಮೇಲೆ ನಡೆದದ್ದು ಒಂದೇ ಸಲಕ್ಕೆ ನಡೆಯಲಿಲ್ಲ. ಅತ್ತೆ ಮಗಳನ್ನೂ ಕೇಳಿದರು. ಮಂಚದ ಮೇಲೆ, ಟಿವಿಗೆ ಎರಡಡಿ ದೂರದಲ್ಲಿ ಕೂತ ಮಗಳು, "ನನಗೆ ಕೇಳ್ತಿದೆಯಲ್ಲಮ್ಮಾ," ಎಂದಳು. ಅವಳು ಹೇಳಿದ್ದು ನಿಜವೇ. ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಗಾಜಿನ ಗೂಡಿನಲ್ಲಿ ಕೂರಿಸಿ ಪರೀಕ್ಷೆ ಮಾಡಿ, ವಯಸ್ಸಿಗೆ ತಕ್ಕಷ್ಟು ಕಡಿಮೆಯಾಗಿದೆ ಅಷ್ಟೇ, ಮಷೀನು ಗಿಷೀನು ಬೇಕಿಲ್ಲ ಎಂದು ಕಿವಿಗೆ ಹಾಕುವ ಔಷಧಿಯ ಬಾಟಲಿ ಕೊಟ್ಟು ಕಳಿಸಿದರು. ಅತ್ತೆ ನಂಬಲಿಲ್ಲ. "ಆ ಗಾಜಿನ ಗೂಡಲ್ಲಿ ಕೂರಿಸಿದ್ರೆ ಸೊಳ್ಳೆ ಕೆಮ್ಮಿದ್ದೂ ಕೇಳುತ್ತೆ. ಮನುಷ್ಯರ ಮಾತು ಕೇಳಬೇಕಲ್ಲ," ಎಂದರು. ಅಮ್ಮನಿಗೆ ಕಿವಿ ಮಂದವಾಗಿದೆ ಎಂದುಕೊಂಡ ಮಗಳು ಎಲ್ಲದನ್ನೂ ಗಟ್ಟಿಯಾಗಿ ಹೇಳತೊಡಗಿದಳು. ಅವಳು ಕೂಗುವುದನ್ನು ಕಂಡು ಅತ್ತೆಗೆ ತಮ್ಮ ಕಿವಿ ಮಂದವಾದದ್ದು ಖಾತ್ರಿಯಾಯಿತು. ಡ್ರೈವರ್ ಕೂಡ ಕೂಗುತ್ತಿದ್ದ. ಕೂಗದಿದ್ದರೆ ಎದ್ದು ಕಾಣುತ್ತದಲ್ಲ.

ಕ್ಲಿನಿಕ್ಕಿನಲ್ಲಿ ಒಂದು ದಿನ ಯಾರೋ ಫೋನಿನಲ್ಲಿ 'ಮೂರು' ಎಂದದ್ದನ್ನು ಅತ್ತೆ 'ಆರು' ಎಂದು ಬರೆದುಕೊಂಡರು. ಗರಗರ ಎನ್ನುವ ಲೈನು, ಯಾರಿಗಾದರೂ ಆಗುವಂಥದ್ದೇ. ಅತ್ತೆ ಮಾತ್ರ ಮನೆಗೆ ಬಂದು ಬಟ್ಟೆಯನ್ನೂ ಬದಲಿಸದೆ ಕೂತರು. "ಹಲ್ಲು ನೋವಿನವರನ್ನ ಮೂರು ಗಂಟೆ ಕಾಯಿಸೋದು ಪಾಪ ಕಣೇ," ಎಂದು ಮಗಳಿಗೆ ಹೇಳಿ, ಮರುದಿನ ಹೋಗಿ ಕೆಲಸ ಬಿಟ್ಟು ಬಂದರು. ಕಿವುಡರ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತ ಒಂದಷ್ಟು ದಿನ ಟಿವಿ ನೋಡಿದರು. ಆಮೇಲೆ ಅದನ್ನೂ ಬಿಟ್ಟರು. ಫೋನ್ ಬಂದರೆ ಮಗಳ ಕೈಗೆ ಕೊಡುತ್ತಿದ್ದರು. ಮಧ್ಯಾಹ್ನ ಎರಡಕ್ಕೆ ಗೋಡೆಯಾಚೆ ಈಗ ಯಾರೂ ಅಳುತ್ತಿರಲಿಲ್ಲ. ಆ ನಿಶ್ಶಬ್ದದಲ್ಲಿ ಡ್ರೈವರ್ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದ.

ಎಷ್ಟೋ ಸಲ ಹೇಳಿಬಿಡಬೇಕೆಂದುಕೊಂಡ. ಒಂದು ವಾರಕ್ಕೆ ಹೇಳಿದ್ದರೆ ಕ್ಷಮೆಯಿತ್ತು, ತಿಂಗಳಿಗೆ ಹೇಳಿದ್ದರೆ ಬೈಗುಳವಿತ್ತು. ಕ್ಲಿನಿಕ್ ಬಿಟ್ಟ ಮೇಲೆ ಹೇಳುವುದಾದರೂ ಹೇಗೆ? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು, ಉಗುಳಲಾರ, ನುಂಗಲಾರ.

ಇವತ್ತು ಡಿಪೋದ ಲಾಕರಿನಿಂದ ರಿಮೋಟ್ ತೆಗೆದು ಹೊಸ ಸೆಲ್ ಹಾಕುವಾಗ ಅವನಿಗೊಂದು ಉಪಾಯ ಹೊಳೆದಿತ್ತು. ಆ್ಯಪ್ ಹಾಕುವ ನೆಪದಲ್ಲಿ ರಿಮೋಟ್ ತನ್ನ ಕೈಯಲ್ಲೇ ಇರುತ್ತದೆ. ಇವತ್ತು ಆರರಿಂದ ಎಂಟು, ಬರುವ ವಾರ ಹತ್ತು, ಅದರಾಚೆ ಹದಿನೈದು. ತಿಂಗಳೆರಡರಲ್ಲಿ ಅತ್ತೆಯ ಕಿವಿ ತಾನಾಗಿಯೇ 'ಸುಧಾರಿಸುತ್ತದೆ'. ಔಷಧಿಗೂ ಹೆಸರು ಬಂದೀತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ಅದರ ತಲೆಯಲ್ಲೂ ಇಂಥದೇ ಲೆಕ್ಕ ಇರುತ್ತದೋ ಏನೋ.

"ಸಿಕ್ತು," ಎಂದು ಅವನು ಒಳಬಂದಾಗ ಹೆಂಡತಿ ಅತ್ತೆಯ ಮಂಚದ ಮೇಲೆ ಫೋನು, ಚೀಟಿ, ಪೆನ್ನು ಹರಡಿಕೊಂಡು ತಯಾರಾಗಿದ್ದಳು. ಅತ್ತೆ ಕನ್ನಡಕ ಒರೆಸಿಕೊಂಡು ಸೆರಗು ಸರಿಮಾಡಿಕೊಂಡು ಕೂತಿದ್ದರು, ಫೋಟೋ ತೆಗೆಸಿಕೊಳ್ಳುವವರ ಹಾಗೆ.

ಟಿವಿಗೆ ವೈಫೈ ಜೋಡಿಸಿದ. ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಬೇಕು. ಎರಡು ಸಲ ತಪ್ಪಿತು. ಆ್ಯಪ್ ಇಳಿಯಿತು. ತೆರೆದರೆ ಪರದೆಯ ಮೇಲೆ ಎಂಟು ಅಕ್ಷರಗಳ ಒಂದು ಕೋಡ್; ಅದನ್ನು ಫೋನಿನಲ್ಲಿ ಹಾಕಿದರೆ ಟಿವಿಗೂ ಚಂದಾಕ್ಕೂ ಗಂಟು ಬೀಳುತ್ತದೆ.

"ಅಮ್ಮಾ, ಅದನ್ನ ಓದಿ ಹೇಳು!" ಎಂದು ಹೆಂಡತಿ ಕೂಗಿದಳು.

ಅತ್ತೆ ಬೆನ್ನು ನೆಟ್ಟಗೆ ಮಾಡಿದರು. ಮೂವತ್ತೊಂದು ವರ್ಷದ ಹಳೆಯ ದನಿ ಎಲ್ಲಿತ್ತೋ ಬಂದಿತು. "ಕ್ಯೂ. ಏಳು. ಎಮ್, ಮದರ್ ಎಮ್. ನಾಲ್ಕು, ನಾಲ್ಕು. ಟಿ, ಟೈಗರ್ ಟಿ. ಒಂಬತ್ತು. ಎಕ್ಸ್." ಒಂದಕ್ಷರ ಇನ್ನೊಂದಕ್ಕೆ ತಾಗಲಿಲ್ಲ.

"ಯಾರು ನೋಡುತ್ತಿದ್ದಾರೆ?" ಎಂದು ಪರದೆ ಕೇಳಿತು. ಮೂವರಿಗೂ ಒಂದೊಂದು ಹೆಸರು, ಒಂದೊಂದು ಮುಖ. ಅತ್ತೆ ತಮಗೆ ಉದ್ದ ಕಿವಿಯ ಮೊಲವನ್ನು ಆರಿಸಿಕೊಂಡರು. "ಇದ್ದದ್ದಂತೂ ಹೋಯ್ತು, ಚಿತ್ರದಲ್ಲಾದ್ರೂ ಇರಲಿ," ಎಂದು ನಕ್ಕರು. ಹೆಂಡತಿಯೂ ನಕ್ಕಳು. ಅವನೂ ನಕ್ಕ, ಆ ನಗು ಅವನ ಕಿವಿಗೇ ಹುಳ್ಳಗೆ ಕೇಳಿಸಿತು.

ಒಂದು ಹಳೆಯ ಸಿನಿಮಾ ಹಾಕಿ ಅಕ್ಷರ ಬರುವಂತೆ ಮಾಡಿದ. ಅತ್ತೆ ಓದಿದರು. ಓದಿ, "ಎರಡು ತಪ್ಪು ಬರ್ದಿದಾರೆ, ಒತ್ತೇ ಇಲ್ಲ," ಎಂದರು. ಅವನ ಹೆಬ್ಬೆರಳು ಮೆಲ್ಲನೆ ಸೌಂಡಿನ ಗುಂಡಿಯ ಕಡೆ ಸರಿಯಿತು. ಎರಡೇ ಸಲ ಒತ್ತಬೇಕು, ಆರರಿಂದ ಎಂಟಕ್ಕೆ. ಅಷ್ಟರಲ್ಲಿ ಹೆಂಡತಿ, "ಕೊಡಿ ಇಲ್ಲಿ, ನಾನೂ ಕಲೀಬೇಕಲ್ಲ, ನೀವು ಡ್ಯೂಟಿಗೆ ಹೋದ್ರೆ ಯಾರು ಹಾಕ್ಕೊಡ್ತಾರೆ?" ಎಂದು ರಿಮೋಟ್ ಕಿತ್ತುಕೊಂಡಳು. ಏನೋ ಒತ್ತಿದಳು. ಪರದೆಯ ಬಲಗಡೆ ಸೌಂಡಿನ ಗೆರೆ ಮೂಡಿತು, ಅದರ ಕೆಳಗೆ ಏಳು.

"ಇದೇನ್ರೀ? ಏಳೇ ಇದೆ?"

ಅವನು ಉತ್ತರಿಸುವ ಮೊದಲೇ ಅವಳು ಗುಂಡಿಯನ್ನು ಒತ್ತಿ ಹಿಡಿದಳು. ಹತ್ತು, ಹದಿನೆಂಟು, ಇಪ್ಪತ್ತಾರು. ಕೋಣೆಯ ತುಂಬ ದನಿ ತುಂಬಿತು. ಸಿನಿಮಾದಲ್ಲಿ ಯಾರೋ ಮರದ ಮೆಟ್ಟಿಲಿಳಿದು ಬರುತ್ತಿದ್ದರು. ಒಂದೊಂದು ಮೆಟ್ಟಿಲೂ ಕಿರುಗುಟ್ಟಿತು. ಒಬ್ಬ ಹೆಂಗಸು ಬಾಗಿಲ ಹಿಂದೆ ನಿಂತು ಉಸಿರು ಬಿಗಿಹಿಡಿದಳು.

ಅತ್ತೆ ಕೈಯಿಂದ ಬಾಯಿ ಮುಚ್ಚಿಕೊಂಡರು.

"ಕೇಳ್ತಿದೆ," ಎಂದರು. "ಅವಳು ಉಸಿರು ಹಿಡಿದದ್ದು ಕೇಳ್ತು ನನಗೆ. ಏಯ್, ಕೇಳ್ತು ಕಣೇ!"

ಮಗಳ ಕೈ ಹಿಡಿದು ಅಲ್ಲಾಡಿಸಿದರು. ಅವರ ಕಣ್ಣಲ್ಲಿ ನೀರು. ಹೆಂಡತಿ ಸ್ವಲ್ಪ ಹೊತ್ತು ಗೆರೆಯನ್ನೂ ಅಮ್ಮನನ್ನೂ ನೋಡಿದಳು. ಆಮೇಲೆ ಗೊಳ್ಳೆಂದು ನಕ್ಕಳು.

"ಅಮ್ಮಾ! ನಿನ್ನ ಕಿವಿಗೆ ಏನೂ ಆಗಿಲ್ಲ, ಟಿವಿ ಸೌಂಡೇ ತಳದಲ್ಲಿತ್ತು! ಬಾಕ್ಸಲ್ಲಿ ನೂರಿಟ್ರೆ ಏನು ಬಂತು? ಯಾರು ಇಳಿಸಿದ್ರು ಇದನ್ನ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಡ್ರೈವರ್ ಕುತ್ತಿಗೆ ಒರೆಸಿಕೊಂಡ. ಹೇಳು, ಈಗ ಹೇಳು ಎಂದು ಒಳಗಿನಿಂದ ಯಾರೋ ತಿವಿದರು. ಆದರೆ ಅತ್ತೆಯೇ ಮೊದಲು ಮಾತಾಡಿದರು.

"ಇನ್ಯಾರು, ನಾನೇ. ಧೂಳು ಒರೆಸುವಾಗ ಏನೋ ಒತ್ತಿರ್ತೀನಿ. ಎಂಥಾ ದಡ್ಡಿ ನೋಡು ನಾನು!"

"ಎಂಟು ತಿಂಗಳು ನಮ್ಮನ್ನೆಲ್ಲ ಕೂಗಾಡಿಸಿದೆಯಲ್ಲಮ್ಮಾ! ಡಾಕ್ಟರ ಹತ್ತಿರ ಅಲೆದದ್ದೇನು, ಕೆಲಸ ಬಿಟ್ಟದ್ದೇನು! ಒಂದು ಸಲ ಸರಿಯಾಗಿ ನೋಡಬಾರದಿತ್ತಾ?" ಮಗಳು ನಗುನಗುತ್ತಲೇ ಬೈದಳು. ಅತ್ತೆ ತಲೆ ತಗ್ಗಿಸಿ, ತಪ್ಪು ಮಾಡಿದ ಮಗುವಿನ ಹಾಗೆ ನಗುತ್ತಲೇ ಬೈಸಿಕೊಂಡರು. ಡ್ರೈವರ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಇದ್ದ. ತಾನು ತಿನ್ನಬೇಕಾದ ಏಟನ್ನು ಇನ್ನೊಬ್ಬರು ತಿನ್ನುವುದನ್ನು ನಿಂತು ನೋಡಿದ.

ಮರುದಿನ ಡ್ಯೂಟಿ ಮುಗಿಸಿ ಬಂದಾಗ ಅತ್ತೆ ಊಟ ಬಡಿಸಿ ಎದುರಿಗೆ ಕೂತರು.

"ಅಳಿಯಂದ್ರೇ, ನನ್ನ ದಡ್ಡತನದಿಂದ ನೀವೂ ಗಂಟಲು ಹರ್ಕೊಂಡ್ರಿ ಪಾಪ. ಬೇಜಾರು ಮಾಡ್ಕೋಬೇಡಿ. ಇನ್ನೊಂದು ಮಾತು. ಮುಂಚೆ ನಾನು ಟಿವಿ ಜೋರಾಗಿ ಹಾಕ್ತಿದ್ದೆ ಅಲ್ವಾ, ನಿಮ್ಮ ನಿದ್ದೆಗೆ ತೊಂದರೆ ಆಗಿರಬೇಕು. ನನಗೆ ಹೊಳೀಲೇ ಇಲ್ಲ ನೋಡಿ. ಇನ್ನು ಮಧ್ಯಾಹ್ನ ಸೌಂಡು ಪೂರ್ತಿ ತೆಗೆದು ಅಕ್ಷರ ಓದ್ಕೊಂಡು ನೋಡ್ತೀನಿ. ನೀವು ಎದ್ದ ಮೇಲೆ ಸೌಂಡು ಹಾಕ್ಕೊಂಡ್ರಾಯ್ತು. ಆಗಬಹುದಾ?"

ಕೇಳಿದ್ದರೆ ಎಂಟು ತಿಂಗಳ ಹಿಂದೆಯೇ ಸಿಗುತ್ತಿದ್ದ ಉತ್ತರ ಇದು. ಅವರು ಗಂಟು ಕಟ್ಟುತ್ತಿರಲಿಲ್ಲ. "ಆಗಬಹುದು," ಎಂದ ಅವನು. ಅಷ್ಟೇ ಎಂದ.

ಶುಕ್ರವಾರ ಮಧ್ಯಾಹ್ನ ಮಲಗಿದ್ದಾಗ ಗೋಡೆಯಾಚೆಯಿಂದ ಅತ್ತೆಯ ದನಿ ಕೇಳಿಸಿತು. ಫೋನಿನಲ್ಲಿ ಮಾತಾಡುತ್ತಿದ್ದರು. ಅವನು ಮಲಗಿದ್ದಾನೆಂದು ದನಿ ತಗ್ಗಿಸಿದ್ದರು, ಆದರೆ ಅರ್ಧ ಇಟ್ಟಿಗೆಯ ಗೋಡೆ.

"ಡಾಕ್ಟರಮ್ಮಾ, ನಾನು... ಹೌದು, ನಾನೇ. ಈಗ ಕಿವಿ ಚೆನ್ನಾಗಿದೆ. ಅದು ನನ್ನದೇ ತಪ್ಪು ತಿಳುವಳಿಕೆ... ಓ, ಬೇರೆಯವರು ಬಂದಿದಾರಾ. ಸಂತೋಷ, ಸಂತೋಷ. ಇಲ್ಲ ಇಲ್ಲ, ಅವರನ್ನ ಬಿಡಿಸೋದು ಬೇಡವೇ ಬೇಡ, ನಾನು ಸುಮ್ಮನೆ ಕೇಳ್ದೆ... ಏನಂದ್ರಿ? ಇಲ್ಲ, ಕೇಳ್ತಿದೆ, ಕೇಳ್ತಿದೆ, ನೀವು ಕೂಗೋದು ಬೇಡ."

ಫೋನ್ ಇಟ್ಟ ಸದ್ದು. ಆಮೇಲೆ ಮಂಚ ಕಿರ್ರೆಂದಿತು. ಆಮೇಲೆ ಏನೂ ಇಲ್ಲ.

ಡ್ರೈವರ್ ಎದ್ದು, ಮುಖವನ್ನೂ ತೊಳೆಯದೆ ಅತ್ತೆಯ ಕೋಣೆಗೆ ಹೋದ. ಅವರು ಮಡಿಲಲ್ಲಿ ಫೋನಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಟಿವಿಯಲ್ಲಿ ಮಾತಿಲ್ಲದೆ ಜನ ಬಾಯಿ ಆಡಿಸುತ್ತಿದ್ದರು.

"ಎಚ್ಚರ ಆಯ್ತಾ? ಮೆಲ್ಲಗೇ ಮಾತಾಡಿದೆನಲ್ಲ."

"ಅತ್ತೆ, ನಿಮಗೊಂದು ಮಾತು ಹೇಳಬೇಕು," ಎಂದು ಅವನು ಸ್ಟೂಲು ಎಳೆದುಕೊಂಡು ಕೂತ. "ಆ ಟಿವಿ ಸೌಂಡು ಇಳಿಸಿದ್ದು ನೀವಲ್ಲ. ನಾನು."

ಒಮ್ಮೆ ಶುರುವಾದ ಮೇಲೆ ಎಲ್ಲವೂ ಬಂತು. ಕಸದ ಡಬ್ಬಿ, ಶೂ ಲೇಸು ಕಟ್ಟುತ್ತಿದ್ದ ಹೆಂಗಸು, ಡಿಪೋದ ಲಾಕರು, ಹಳೇ ಸ್ವೆಟರು, ವಾರವಾರ ಇಷ್ಟಿಷ್ಟೇ ಏರಿಸುವ ಉಪಾಯ, ಯಾವುದನ್ನೂ ಬಿಡಲಿಲ್ಲ. ಅತ್ತೆ ನಡುವೆ ಬಾಯಿ ಹಾಕಲಿಲ್ಲ.

"ಸೌಂಡು ಇಳಿಸಿದ್ದಕ್ಕೆ ನನಗೇನೂ ಇಲ್ಲ," ಎಂದರು ಕೊನೆಗೆ. "ನಿದ್ದೆಗೆಟ್ಟು ಬಸ್ಸು ಹೊಡೆಯೋಕಾಗುತ್ತಾ? ಆದ್ರೆ ನಾನು ನಿಮ್ಮನ್ನ ಕೇಳಿದೆನಲ್ಲ. ಇಲ್ಲೇ ಕೂತು ಕೇಳ್ದೆ. ಸೌಂಡು ಕಡಿಮೆ ಇದೆಯಾ ಅಂತ."

"ಹೌದು."

"ನಿಮ್ಮ ಮಾತು ನಂಬಿ ನನ್ನ ಕಿವಿ ನಂಬೋದು ಬಿಟ್ಟೆ."

ಅವರು ಗದರಿದ್ದರೆ, ಅತ್ತಿದ್ದರೆ ಸುಲಭವಿತ್ತು. ಅತ್ತೆ ಫೋನನ್ನು ದಿಂಬಿನ ಪಕ್ಕ ಇಟ್ಟರು.

"ಕ್ಷಮಿಸಿ ಅತ್ತೆ."

"ಕ್ಷಮಿಸ್ತೀನೋ ಇಲ್ವೋ ನನಗೇ ಇನ್ನೂ ಗೊತ್ತಿಲ್ಲ. ಸುಳ್ಳು ಯಾಕೆ ಹೇಳಲಿ? ನೀವು ಎರಡು ಕೆಲಸ ಮಾಡಿ. ನನ್ನ ಮಗಳಿಗೆ ನೀವೇ ಹೇಳಿ, ನನ್ನ ಬಾಯಿಂದ ಬೇಡ. ಆಮೇಲೆ ಡಾಕ್ಟರಮ್ಮನ ಹತ್ತಿರ ಹೋಗಿ. ಕೆಲಸ ಕೊಡಿ ಅಂತ ಕೇಳಬೇಡಿ. ಏನಾಯ್ತು ಅಂತ ಅಷ್ಟೇ ಹೇಳಿ. ಅವರು ಇವತ್ತು ಫೋನಲ್ಲಿ ನನ್ನ ಹತ್ತಿರ ಕೂಗಿ ಕೂಗಿ ಮಾತಾಡಿದ್ರು. ಅದೊಂದು ನನಗೆ ಆಗಲ್ಲ."

ಅವತ್ತು ಸಂಜೆ ಹೆಂಡತಿ ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದ. ಕುಳಿತು ಹೇಳಿದರೆ ಧೈರ್ಯ ಕೂತುಬಿಡುತ್ತದೆ ಎಂದು ನಿಂತೇ ಹೇಳಿದ. ಅವಳು ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದು ಪೂರ್ತಿ ಕೇಳಿದಳು. ಕೈಯಲ್ಲಿದ್ದದ್ದು ಎಲ್ಲಿ ತನ್ನ ಮೇಲೆ ಬರುತ್ತದೋ ಎಂದು ಅವನಿಗೆ ಅನ್ನಿಸಿತು, ಬಂದಿದ್ದರೂ ತಕರಾರಿರಲಿಲ್ಲ. ಅವಳು ಅದನ್ನು ಜೋಡಿಯ ಪಕ್ಕ ನೀಟಾಗಿ ಇಟ್ಟು, "ಮಂಗಳವಾರ ನಾನು ಅಮ್ಮನ್ನ ಬೈತಿದ್ದಾಗ ನೀವು ಅಲ್ಲೇ ನಿಂತಿದ್ರಿ," ಎಂದಳು. ಅಷ್ಟೇ. ಮುಂದೆ ನಾಲ್ಕು ದಿನ ಅವನ ಹತ್ತಿರ ಒಂದಕ್ಷರ ಆಡಲಿಲ್ಲ. "ಅಮ್ಮಾ, ಅವರಿಗೆ ಹೇಳು, ಊಟಕ್ಕಾಯ್ತು ಅಂತ." ಅತ್ತೆ ಹೇಳುತ್ತಿದ್ದರು: "ಊಟಕ್ಕಾಯ್ತಂತೆ." "ಹಸಿವಿಲ್ಲ ಅಂತ ಹೇಳಿ ಅತ್ತೆ." "ಹಸಿವಿಲ್ವಂತೆ." ಮೂರನೆಯ ದಿನ ಅತ್ತೆ ಸಿಟ್ಟಾಗಿ, "ನಾನು ರಿಟೈರ್ ಆಗಿ ಹತ್ತು ವರ್ಷ ಆಯ್ತು, ಇನ್ನು ಕನೆಕ್ಷನ್ ಕೊಡೋಕಾಗಲ್ಲ, ನೇರವಾಗಿ ಮಾತಾಡ್ಕೊಳ್ಳಿ," ಎಂದರು. ಹೆಂಡತಿಯ ತುಟಿಯಂಚು ಅಲ್ಲಾಡಿತು. ಆದರೂ ಒಂದು ದಿನ ಹೆಚ್ಚೇ ಸತಾಯಿಸಿದಳು.

ಶನಿವಾರ ಡ್ಯೂಟಿ ಇಳಿದವನೇ ಯೂನಿಫಾರ್ಮಿನಲ್ಲೇ ಹಲ್ಲಿನ ಕ್ಲಿನಿಕ್ಕಿಗೆ ಹೋದ. ಬೆಂಚಿನ ಮೇಲೆ ಕೆನ್ನೆ ಹಿಡಿದುಕೊಂಡ ನಾಲ್ಕು ಜನ. ಫೋನಿನ ಮುಂದೆ ಕೂತಿದ್ದ ಹೊಸಬಳು, "ಯಾವ ಹಲ್ಲು ಸಾರ್?" ಎಂದು ಕೇಳಿದಳು. "ಹಲ್ಲಲ್ಲ, ಡಾಕ್ಟರ ಹತ್ತಿರ ಒಂದು ಮಾತು," ಎಂದ. ಒಂದು ಗಂಟೆ ಕಾದ. ಡಾಕ್ಟರಮ್ಮ ಮಾಸ್ಕ್ ಕೆಳಗಿಳಿಸಿ ಹೊರಬಂದಾಗ, ಒಳಗೆ ಕರೆಯಲಿ ಎಂದು ಕಾಯದೆ, ಬೆಂಚಿನವರೆಲ್ಲರ ಎದುರೇ ಹೇಳಿದ. ಅವನ ಕಿವಿ ಬಿಸಿಯಾಗಿ ಉರಿಯುತ್ತಿತ್ತು. ಕೆನ್ನೆ ಊದಿದ್ದ ಒಬ್ಬ ಮುದುಕ ಕೈ ಕೆಳಗಿಳಿಸಿ, ನೋವು ಮರೆತು ಕೇಳಿದ.

ಡಾಕ್ಟರಮ್ಮ ಕೈಗವಸು ಬಿಚ್ಚಿದರು. "ಅವರು ಬಿಟ್ಟು ಹೋದ ದಿನ ನನ್ನ ಮುಂದೆ ಅತ್ತಿದ್ರು, ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ. ಮನೆಯಲ್ಲಿ ಅತ್ತೆ ಅತ್ತಿರಲೇ ಇಲ್ಲ.

"ಹೊಸಬಳನ್ನ ನಾನು ಬಿಡಿಸೋಕಾಗಲ್ಲ. ಅವಳದೇನು ತಪ್ಪು?" ಎಂದರು ಡಾಕ್ಟರಮ್ಮ. ಆಮೇಲೆ ಹೊಸಬಳ ಕಡೆ ತಿರುಗಿದರು. "ನಿನಗೆ ಶನಿವಾರ ಕ್ಲಾಸಿದೆ, ಬಿಡುವು ಬೇಕು ಅಂತಿದ್ದೆಯಲ್ಲ?"

ಕೂಗದೆ, ಸಾಮಾನ್ಯ ದನಿಯಲ್ಲಿ ಡಾಕ್ಟರಮ್ಮ ಅವತ್ತು ಸಂಜೆ ಅತ್ತೆಗೆ ಫೋನ್ ಮಾಡಿದರು. ವಾರಕ್ಕೆ ಒಂದೇ ದಿನ, ಶನಿವಾರ. ಅತ್ತೆ ಒಪ್ಪಿಕೊಂಡರು. ಹಿಂದಿನ ಆರು ದಿನದ ಕೆಲಸ ಮರಳಿ ಬರಲಿಲ್ಲ, ಇನ್ನು ಬರುವುದೂ ಇಲ್ಲ.

ಮನೆಯಲ್ಲಿ ಮಾತು ಮತ್ತೆ ಹರಿಯತೊಡಗಿತು. ಆದರೆ ಒಂದು ಬದಲಾವಣೆಯನ್ನು ಡ್ರೈವರ್ ಗಮನಿಸಿದ, ಗಮನಿಸದಿರಲು ಆಗಲಿಲ್ಲ. ಹೊರಗೆ ಮೋಡವಾಗಿದೆ ಎಂದು ಅವನು ಹೇಳಿದರೆ ಅತ್ತೆ ತಲೆಯಾಡಿಸುತ್ತಿದ್ದರು. ಆಮೇಲೆ ಎದ್ದು ಹೋಗಿ ಕಿಟಕಿಯಿಂದ ಒಮ್ಮೆ ನೋಡುತ್ತಿದ್ದರು. ಗ್ಯಾಸ್ ಆರಿಸಿದ್ದೇನೆ ಎಂದರೆ ಅಡುಗೆಮನೆಗೆ ಹೋಗಿ ಗುಂಡಿ ಮುಟ್ಟುತ್ತಿದ್ದರು. ಮುಖದಲ್ಲಿ ಕೋಪವಿಲ್ಲ, ಚುಚ್ಚುವ ಉದ್ದೇಶವೂ ಇಲ್ಲ. ಅದು ಅವರಿಗೇ ತಿಳಿಯದೆ ಬಂದ ಅಭ್ಯಾಸ. ಪ್ರತಿ ಸಲವೂ ಅವನು ಬೇರೆ ಕಡೆ ನೋಡುತ್ತಿದ್ದ.

ಮುಂದಿನ ಶನಿವಾರ ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಅವನ ಬಸ್ಸನ್ನೇ ಹತ್ತಿದರು. ಮುಂದಿನ ಸೀಟಿನಲ್ಲಿ, ಎಂಜಿನ್ ಪಕ್ಕದಲ್ಲಿ ಕೂತರು. ಕ್ಲಿನಿಕ್ಕಿನ ಸ್ಟಾಪಿಗೆ ಇನ್ನೂ ಅರ್ಧ ಕಿಲೋಮೀಟರ್ ಇರುವಾಗ ಅತ್ತೆ ತಲೆ ಓರೆಮಾಡಿ ಏನನ್ನೋ ಆಲಿಸಿದರು.

"ಅಳಿಯಂದ್ರೇ, ಹಿಂದಿನ ಎಡಚಕ್ರದ ಹತ್ತಿರ ಏನೋ ಕಟಕಟ ಅಂತಿದೆ. ಕೇಳ್ತಾ?"

ಅವನು ಕಿವಿಗೊಟ್ಟ. ಎಂಜಿನ್ನಿನ ಗದ್ದಲದಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ. ಹೌದೆನ್ನುವುದು ಸುಲಭವಿತ್ತು, ಅವರಿಗೆ ಸಂತೋಷವೂ ಆಗುತ್ತಿತ್ತು.

"ನನಗೆ ಕೇಳ್ತಿಲ್ಲ ಅತ್ತೆ," ಎಂದ. "ಡಿಪೋದಲ್ಲಿ ತೋರಿಸ್ತೀನಿ."

ಅತ್ತೆ ಹೂಂಗುಟ್ಟಿ ಇಳಿದರು. ರಸ್ತೆ ದಾಟುವ ತನಕ ಅವನು ಗಾಡಿ ಎತ್ತಲಿಲ್ಲ. ಹಿಂದಿನಿಂದ ಕಂಡಕ್ಟರ್, "ಫಸ್ಟ್ ಬಸ್ಸೇ ಹಿಂಗೆ ನಿಂತ್ರೆ ಹೆಂಗಣ್ಣ?" ಎಂದು ಕೂಗಿದ. ಮಧ್ಯಾಹ್ನ ಡಿಪೋದಲ್ಲಿ ಮೆಕ್ಯಾನಿಕ್ ಬಸ್ಸಿನಡಿ ತೂರಿ ನೋಡಿ, 'ಬೋಲ್ಟು ಸಡಿಲ ಆಗಿದೆ, ಯಾರು ಹೇಳಿದ್ದು ನಿಂಗೆ?' ಎಂದು ಕೇಳಿದ.

"ನಮ್ಮತ್ತೆ," ಎಂದು ಹೇಳಿ ಅವನು ಸ್ಪ್ಯಾನರ್ ತರಲು ಹೋದ.